ಬೋಗಾದಿ ರಸ್ತೆಯ ನರ್ಸರಿ ಮತ್ತು ನನ್ನ ಎರಡು ನಾಗಲಿಂಗದ ಸಸಿಗಳು

ಮೈಸೂರಿನ ಬೋಗಾದಿ ರಸ್ತೆಯಲ್ಲಿ ರಿಂಗ್ ರಸ್ತೆ ದಾಟಿದ ಮೇಲೆ ಸಿಗುವ ನರ್ಸರಿಗಳಲ್ಲೊಂದರಿಂದ ಎರಡು ವರ್ಷಗಳ ಹಿಂದೆ, ಜೂನ್ ತಿಂಗಳಲ್ಲಿ, ನಾಗಲಿಂಗ ಪುಷ್ಪದ ಎರಡು ಸಸಿಗಳನ್ನು ತಲಾ 250 ರೂಪಾಯಿಗೆ ಕೊಂಡು ತಂದೆ. ಮರದ ಸಸಿ ಮಾರುವವರ ಕೆಲಸದ ಗುಣ ಕೊಂಡ ದಿನ ತಿಳಿಯುವುದಿಲ್ಲವಾದ್ದರಿಂದ ಇಷ್ಟು ಕಾಲ ಬಿಟ್ಟು ಬರೆಯುತ್ತಿದ್ದೇನೆ.

ಸಸಿ ಬೇಕೆಂದಾಗ ಅಲ್ಲಿನ ಹಿರಿಯರು ಬೆಲೆ ಹೇಳುವ ಮೊದಲು, "ಎಲ್ಲಿ ನೆಡ್ತೀರಿ ಸಾರ್?" ಎಂದು ಕೇಳಿದರು. 30×40 ಸೈಟಿನ ಮನೆಯ ಮುಂದೆ ನೆಡುವುದಾದರೆ ಈ ಮರ ಬೇಡ, ಸಂಪಿಗೆಯನ್ನೋ ಪಾರಿಜಾತವನ್ನೋ ಒಯ್ಯಿರಿ ಎಂದರು. ಬಲಿತ ಕಾಯಿ ಫಿರಂಗಿ ಗುಂಡಿನಂತೆ ಮೇಲಿನಿಂದ ಬಿದ್ದು ಒಡೆಯುತ್ತದೆ, ಒಳಗಿನ ತಿರುಳು ಕೆಟ್ಟ ವಾಸನೆ ಹೊಡೆಯುತ್ತದೆ, ಆದ್ದರಿಂದ ಮರದಡಿ ಕಾರು ನಿಲ್ಲಿಸುವುದಾಗಲಿ ಕಲ್ಲುಬೆಂಚು ಹಾಕುವುದಾಗಲಿ ಸಲ್ಲದು ಎಂದು ವಿವರಿಸಿದರು. ಶ್ರೀರಂಗಪಟ್ಟಣದ ಕಡೆ ನಮಗೆ ಜಮೀನಿದೆ ಎಂದ ಮೇಲೆಯೇ ಸಸಿ ತೆಗೆದುಕೊಟ್ಟರು. ಬಂದ ವ್ಯಾಪಾರವನ್ನು ಹೀಗೆ ಬಿಡಲು ಸಿದ್ಧರಿರುವವರ ಮೇಲೆ ನನಗೆ ತಾನಾಗಿಯೇ ಗೌರವ ಮೂಡಿತು.

ಶಿವಾಲಯಗಳ ಅಂಗಳದಲ್ಲಿ ನೋಡುತ್ತ ಬೆಳೆದ ನಮಗೆ ಇದು ನಮ್ಮದೇ ನೆಲದ ಮರವೆನಿಸುತ್ತದೆ. ಕೇಸರಗಳು ಹೆಡೆಯಂತೆ ಬಾಗಿ ನಡುವಿನ ಪುಟ್ಟ ಲಿಂಗಾಕೃತಿಗೆ ನೆರಳು ಹಿಡಿದ ಆ ಹೂವನ್ನು ಕಂಡವರಿಗೆ ಬೇರೆ ಹೆಸರು ಹೊಳೆಯುವುದೂ ಕಷ್ಟ. ಆದರೆ ಇದರ ತವರು ದಕ್ಷಿಣ ಅಮೆರಿಕದ ಮಳೆಕಾಡು. 1775ರಲ್ಲಿ ಫ್ರೆಂಚ್ ಸಸ್ಯಶಾಸ್ತ್ರಜ್ಞ ಓಬ್ಲೆ ಇದಕ್ಕೆ ಕೊಟ್ಟ ಕೌರೌಪಿಟ ಗಯಾನೆನ್ಸಿಸ್ ಎಂಬ ಹೆಸರಿನಲ್ಲೇ ಗಯಾನಾ ಪ್ರದೇಶವಿದೆ. ಅಲ್ಲಿ ವರ್ಷಕ್ಕೆ 2000 ಮಿ.ಮೀ. ದಾಟಿ ಮಳೆ ಸುರಿದರೆ ನಮ್ಮ ಮೈಸೂರು ಸೀಮೆಯಲ್ಲಿ ಬೀಳುವುದು ಸುಮಾರು 800 ಮಿ.ಮೀ. ಮಾತ್ರ. ಈ ಕೊರತೆಯನ್ನು ಎಳೆಯ ಸಸಿಗೆ ನಾವೇ ತುಂಬಬೇಕು. ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ ಪಾತಿ ತುಂಬ ನೀರು ಕೊಟ್ಟು, ಕಬ್ಬಿನ ತರಗನ್ನು ದಪ್ಪವಾಗಿ, ಆದರೆ ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು ಹೊದಿಸಲು ಅವರು ಹೇಳಿದ್ದರು. ಹಾಗೆಯೇ ಮಾಡಿದ್ದೇನೆ, ಏಪ್ರಿಲ್ ಬಿಸಿಲಿನಲ್ಲೂ ತರಗಿನ ಕೆಳಗಿನ ಮಣ್ಣು ಕೈಗೆ ತಂಪಾಗಿಯೇ ಇರುತ್ತದೆ.

ಇನ್ನು ದೂರಿನ ಮಾತು. ನೆಡುವಾಗ ಕವರ್ ಸೀಳಿದರೆ ಒಂದು ಸಸಿಯ ತಾಯಿಬೇರು ತಳದಲ್ಲಿ ಸಿಂಬಿಯಂತೆ ಎರಡು ಸುತ್ತು ಸುತ್ತಿಕೊಂಡಿತ್ತು. ಸಸಿಯನ್ನು ವರ್ಷಗಟ್ಟಲೆ ಅದೇ ಸಣ್ಣ ಕವರಿನಲ್ಲಿ ಬಿಟ್ಟಿದ್ದರೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಸುತ್ತನ್ನು ಕತ್ತರಿಸಿ ನೆಟ್ಟೆ. ಇಂದು ಅದು ನನ್ನ ಎದೆಮಟ್ಟದಲ್ಲಿದ್ದರೆ, ಬೇರು ನೇರವಾಗಿದ್ದ ಜೊತೆಯ ಸಸಿ ನನ್ನ ತಲೆ ಮೀರಿ ಬೆಳೆದಿದೆ. ಅಲ್ಲಿನ ಕೆಲಸದ ಹುಡುಗ ಮೂರು ವರ್ಷಕ್ಕೆ ಹೂವಾಗುತ್ತದೆಂದು ಹೇಳಿದ್ದೂ ತಪ್ಪು. ಬೀಜದಿಂದ ಬಂದ ನಾಗಲಿಂಗ ಬುಡ ದಪ್ಪವಾಗಿ ಕಾಂಡದ ಮೇಲೆ ಹೂಗೊಂಚಲು ಹೊರಡಿಸಲು ಅದಕ್ಕಿಂತ ಬಹಳ ಹೆಚ್ಚು ಕಾಲ ಬೇಕು. ಹೂವಿನ ಆಸೆಯಿಂದ ಕೊಳ್ಳುವವರಿಗೆ ಇದನ್ನು ಮೊದಲೇ ತಿಳಿಸಬೇಕು.

ಕಳೆದ ಮಾರ್ಚಿನಲ್ಲಿ ದೊಡ್ಡ ಸಸಿಯ ಎಲೆಗಳೆಲ್ಲ ಹಳದಿಯಾಗಿ ಕೆಲವೇ ದಿನಗಳಲ್ಲಿ ಉದುರಿ ಬರೀ ಕೋಲು ನಿಂತಿತು. ಗಾಬರಿಯಿಂದ ಫೋನ್ ಮಾಡಿದಾಗ ಹಿರಿಯರು, "ಉಗುರಲ್ಲಿ ತೊಗಟೆ ಕೆರೆದು ನೋಡಿ, ಒಳಗೆ ಹಸಿರಿದ್ರೆ ಹತ್ತು ದಿನ ಸುಮ್ಮನಿರಿ, ನೀರು ಸುರೀಬೇಡಿ" ಎಂದರು. ಕೆರೆದೆ, ಹಸಿರಿತ್ತು. ಎಂಟನೆಯ ದಿನ ತುದಿಯಲ್ಲಿ ಎಳೆ ಎಲೆಗಳ ಗುಚ್ಛ ಕಂಡಿತು. ಹೀಗೆ ಒಮ್ಮೆಗೇ ಎಲೆ ಕಳಚಿ ಬೇಗನೆ ಚಿಗುರುವುದು ಈ ಮರದ ಸ್ವಭಾವವಂತೆ. ಅಂದು ಆ ಮಾತು ಸಿಗದಿದ್ದರೆ ಗೊಬ್ಬರ, ಔಷಧಿ, ನೀರು ಎಲ್ಲವನ್ನೂ ಸುರಿದು ನಾನೇ ಅದನ್ನು ಕೊಲ್ಲುತ್ತಿದ್ದೆನೇನೋ.

ಸಲಹೆಗೆ ಐದಕ್ಕೆ ಐದು, ಸಸಿಯ ಗುಣಮಟ್ಟಕ್ಕೆ ಮೂರು ಅಂಕ ಕೊಡುತ್ತೇನೆ. ಈ ಜೂನ್‌ನಲ್ಲಿ ಮೂರನೆಯ ಸಸಿಗಾಗಿ ಹೋದಾಗ ಸುರುಳಿ ಬೇರಿನ ಸಂಗತಿ ತಿಳಿಸಿದೆ. ಹಿರಿಯರು ವಾದಿಸಲಿಲ್ಲ, ನಾನು ಆರಿಸಿದ ಸಸಿಯ ಕವರಿನ ತಳವನ್ನು ತಾವೇ ಬ್ಲೇಡಿನಿಂದ ಸೀಳಿ ಬೇರು ತೋರಿಸಿ, ದೊಡ್ಡ ಕವರಿಗೆ ಮಣ್ಣು ತುಂಬಿ ಕೂರಿಸಿಕೊಟ್ಟರು.