ಲಂಡನ್‌ನ ‘ಕಾನೂನು ನಡಿಗೆ’: 20 ಪೌಂಡಿಗೆ ಮೂರು ಸ್ಟಾರ್

ಮಗ ಬುಕ್ ಮಾಡಿ ಕೊಟ್ಟಿದ್ದು. ತಲೆಗೆ 20 ಪೌಂಡ್, ಎರಡು ಗಂಟೆ ನಡಿಗೆ, ಲಂಡನ್‌ನ ಕೋರ್ಟುಗಳ ಸುತ್ತ. “ಅಪ್ಪಾ, ನಿಮಗೆ ಜಯಂಟ್ ವ್ಹೀಲ್ ಎಲ್ಲಾ ಬೇಡ, ಇದಕ್ಕೆ ಹೋಗಿ” ಅಂದ. ಧಾರವಾಡದಲ್ಲಿ 31 ವರ್ಷ ಕರಿಕೋಟು ಹಾಕಿದವನು ನಾನು. ಕೊಡೆ ಹಿಡಿದು ಹೊರಟೆ. ನಡಿಗೆ ನಡೆಸುವ ಕಂಪನಿಯ ಹೆಸರು ಬರೆಯುವುದಿಲ್ಲ. ಇಂಥವು ಅಲ್ಲಿ ಬೇಕಾದಷ್ಟಿವೆ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಗೈಡ್ ಇಪ್ಪತ್ತೈದರ ಹುಡುಗ, ಒಳ್ಳೆ ಮಾತುಗಾರ. ಪಾರ್ಲಿಮೆಂಟ್ ಸ್ಕ್ವೇರ್‌ನಲ್ಲಿ ತುಂತುರು ಮಳೆಯಲ್ಲೇ ನಿಲ್ಲಿಸಿ ಕೈದಿಗಳ ಮತದ ಕಥೆ ಹೇಳಿದ. 2005ರಲ್ಲಿ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ಕೋರ್ಟು, ಶಿಕ್ಷೆಯಾಗಿ ಜೈಲಿನಲ್ಲಿರುವ ಎಲ್ಲರಿಗೂ ಸಾರಾಸಗಟಾಗಿ ಮತ ಇಲ್ಲ ಅನ್ನುವುದು ತಪ್ಪು ಎಂದಿತು. 12 ಜಡ್ಜ್‌ಗಳು ಒಂದು ಕಡೆ, 5 ಜನ ಇನ್ನೊಂದು ಕಡೆ. ಬ್ರಿಟನ್ ಕೇಳಲಿಲ್ಲ. ಆಗಿನ ಪ್ರಧಾನಿ ಕ್ಯಾಮರೂನ್ ಅಂತೂ ಅದನ್ನು ನೆನೆದರೇ ಹೊಟ್ಟೆ ತೊಳಸುತ್ತದೆ ಅನ್ನುವ ಧಾಟಿಯಲ್ಲಿ ಮಾತಾಡಿದರು. 2011ರಲ್ಲಿ ಸಂಸತ್ತು ಹಳೆಯ ನಿಷೇಧವೇ ಇರಲಿ ಎಂದಿತು, 234ಕ್ಕೆ 22. ಕೊನೆಗೆ ತಾತ್ಕಾಲಿಕ ಬಿಡುಗಡೆಯಲ್ಲಿ ಹೊರಗಿರುವ ಕೆಲವರು ಮತ ಹಾಕಬಹುದು ಅನ್ನುವಷ್ಟಕ್ಕೆ ರಾಜಿಯಾಗಿ, 2018ರಲ್ಲಿ ಫೈಲು ಮುಚ್ಚಿತು. 13 ವರ್ಷ! ನಮ್ಮ ದಿವಾಣಿ ದಾವೆಗಳ ನೆನಪಾಯಿತು. (ನಮ್ಮಲ್ಲಿ ಇನ್ನೂ ಬಿಗಿ. ವಿಚಾರಣಾಧೀನ ಕೈದಿಗೂ ಮತ ಇಲ್ಲ, 1997ರಲ್ಲಿ ನಮ್ಮ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿದೆ.)

ಅಲ್ಲಿಂದ ರಸ್ತೆ ದಾಟಿದರೆ ಬ್ರಿಟನ್‌ನ ಸುಪ್ರೀಂ ಕೋರ್ಟು. ಕಟ್ಟಡ 1913ರದು, ಸುಪ್ರೀಂ ಕೋರ್ಟು ಮಾತ್ರ 2009ರದು. ಇದಕ್ಕೆ ಟಿಕೆಟ್ಟೇ ಇಲ್ಲ. ಬ್ಯಾಗು ತಪಾಸಣೆ ಮಾಡಿಸಿ ಯಾರು ಬೇಕಾದರೂ ಒಳಗೆ ಹೋಗಬಹುದು, ವಿಚಾರಣೆ ಇದ್ದರೆ ಕೂತು ನೋಡಬಹುದು. ಕಾರ್ಪೆಟ್‌ನಲ್ಲಿ ಗುಲಾಬಿ, ಮುಳ್ಳುಗಿಡ, ಅಗಸೆ ಹೂವು, ಈರುಳ್ಳಿ ಜಾತಿಯ ಒಂದು ಗಿಡ, ಹೀಗೆ ನಾಲ್ಕು ನಾಡುಗಳ ಗುರುತು ಸೇರಿಸಿದ್ದಾರೆ. ಜಡ್ಜ್‌ಗಳಿಗೆ ವಿಗ್ ಇಲ್ಲ, ಗೌನ್ ಇಲ್ಲ. ಸಾದಾ ಕೋಟಿನಲ್ಲಿ, ಬಾಗಿದ ಮೇಜಿನ ಹಿಂದೆ ಕೂರುತ್ತಾರೆ. ಬೆಂಗಳೂರಿನ ಸೆಕೆಯಲ್ಲೂ ಬ್ಯಾಂಡ್ ಕಟ್ಟಿಕೊಂಡು ಬೆವರುವ ನಮ್ಮ ವಕೀಲರು ನೆನಪಾದರು.

ಬ್ರಿಟಿಷರ ಕಾಲದಲ್ಲಿ ನಮ್ಮ ಕೇಸುಗಳ ಕೊನೆಯ ಮೇಲ್ಮನವಿ ಹೋಗುತ್ತಿದ್ದ ಪ್ರಿವಿ ಕೌನ್ಸಿಲ್ ಕೂರುವುದೂ ಇದೇ ಕಟ್ಟಡದಲ್ಲಿ. ನಮ್ಮಜ್ಜ ಹೊಲದ ಬದುವಿನ ಜಗಳದಲ್ಲಿ “ಪ್ರಿವಿ ಕೌನ್ಸಿಲ್ ತನಕ ಹೋಗ್ತೀನಿ” ಅಂತ ಗುಡುಗುತ್ತಿದ್ದನಂತೆ. ಹೋಗಿದ್ದು ಮುನ್ಸೀಫ್ ಕೋರ್ಟಿನ ತನಕ. ಅಂತೂ ಮೊಮ್ಮಗ ಬಂದ.

ಎಡವಟ್ಟಾಗಿದ್ದು ಇಲ್ಲೇ. ಗೈಡ್ ಹುಡುಗ ಮೆಟ್ಟಿಲ ಮೇಲೆ ನಿಂತು, “ಸ್ಟ್ರಾಸ್‌ಬರ್ಗ್ ಯುರೋಪಿಯನ್ ಯೂನಿಯನ್ ಕೋರ್ಟು, ಬ್ರೆಕ್ಸಿಟ್ ಆದ ಮೇಲೆ ಅದರ ತಂಟೆ ಮುಗಿಯಿತು, ಈಗ ಇವರೇ ದೊಡ್ಡವರು” ಅಂದುಬಿಟ್ಟ. ಹನ್ನೆರಡು ಜನ ತಲೆಯಾಡಿಸಿದರು. ನನ್ನ ಬಾಯಿ ಸುಮ್ನಿರಲಿಲ್ಲ. ಯೂನಿಯನ್ ಕೋರ್ಟು ಇರುವುದು ಲಕ್ಸೆಂಬರ್ಗ್‌ನಲ್ಲಿ. ಸ್ಟ್ರಾಸ್‌ಬರ್ಗ್‌ನದು ಕೌನ್ಸಿಲ್ ಆಫ್ ಯುರೋಪ್ ಅನ್ನುವ ಬೇರೆಯದೇ ಒಕ್ಕೂಟದ ಕೋರ್ಟು. ಅದರಲ್ಲಿ 46 ದೇಶಗಳಿವೆ, ಬ್ರಿಟನ್ ಈಗಲೂ ಇದೆ. 2022ರಲ್ಲಿ ಹೊರಗೆ ಹೋಗಿದ್ದು ರಷ್ಯಾ. ದುಡ್ಡು ತಗೊಂಡು ಹೇಳುವವನು ಇಷ್ಟು ತಿಳಿದಿರಬೇಕು, ಅಲ್ವಾ?

ಅದಕ್ಕಿಂತ ಜಾಸ್ತಿ ಬೇಸರವಾಗಿದ್ದು ‘ಯಾರು ದೊಡ್ಡವರು’ ಅನ್ನುವ ಮಾತಿಗೆ. ಈ ಕಟ್ಟಡದ ಅತಿ ಸ್ವಾರಸ್ಯದ ಕೇಸನ್ನೇ ಅವನು ಹೇಳಲಿಲ್ಲ. ಹಾರ್ನ್‌ಕಾಸಲ್ ಕೇಸು. ಒಬ್ಬನಿಗೆ ಹಿಗ್ಗಾಮುಗ್ಗಾ ಹೊಡೆದರು. ಅವನು ಪೊಲೀಸರಿಗೆ ಹೇಳಿಕೆ ಕೊಟ್ಟ, ವಿಚಾರಣೆಗೆ ಮೊದಲೇ ತೀರಿಕೊಂಡ. ಪಾಟೀಸವಾಲು ಯಾರಿಗೆ ಹಾಕುವುದು? ಹೇಳಿಕೆಯನ್ನು ಓದಿಯೇ ಶಿಕ್ಷೆ ಆಯಿತು. ಇಂಥ ಶಿಕ್ಷೆ ಮುಖ್ಯವಾಗಿ ಆ ಹೇಳಿಕೆಯ ಮೇಲೆಯೇ ನಿಂತಿದ್ದರೆ ನ್ಯಾಯವಲ್ಲ ಅಂತ ಸ್ಟ್ರಾಸ್‌ಬರ್ಗ್ 2009ರ ಜನವರಿಯಲ್ಲಿ ಅಲ್-ಖವಾಜಾ ಕೇಸಿನಲ್ಲಿ ಹೇಳಿತ್ತು. ಬ್ರಿಟನ್‌ನ 1998ರ ಮಾನವ ಹಕ್ಕುಗಳ ಕಾಯ್ದೆ ಸ್ಟ್ರಾಸ್‌ಬರ್ಗ್ ತೀರ್ಪನ್ನು ‘ಗಮನಕ್ಕೆ ತೆಗೆದುಕೊಳ್ಳಬೇಕು’ ಅನ್ನುತ್ತದೆ, ‘ಪಾಲಿಸಲೇಬೇಕು’ ಅನ್ನುವುದಿಲ್ಲ. ನಮ್ಮ ಕಸುಬಿನಲ್ಲಿ ಇಂಥ ಒಂದು ಶಬ್ದದ ಮೇಲೆ ಹೊಟ್ಟೆ ಹೊರೆಯಬಹುದು.

ಸುಪ್ರೀಂ ಕೋರ್ಟ್ ಶುರುವಾಗಿ ಎರಡೇ ತಿಂಗಳಾಗಿತ್ತು. ಆ ಡಿಸೆಂಬರ್‌ನಲ್ಲಿ ಏಳು ಜಡ್ಜ್‌ಗಳು ಕೂತು, ಲಾರ್ಡ್ ಫಿಲಿಪ್ಸ್ ತೀರ್ಪು ಬರೆದು, ಸ್ಟ್ರಾಸ್‌ಬರ್ಗ್‌ನವರಿಗೆ, ನೀವು ನಮ್ಮ ಪದ್ಧತಿಯನ್ನು ಸರಿಯಾಗಿ ನೋಡಿಲ್ಲ, ಇಲ್ಲಿ ಆರೋಪಿಗೆ ಬೇರೆ ರಕ್ಷಣೆಗಳಿವೆ ಎಂದು ಸಾವಧಾನವಾಗಿ ವಿವರಿಸಿದರು. ಧಿಕ್ಕಾರ ಅಲ್ಲ, ವಾದ. 2011ರಲ್ಲಿ ಸ್ಟ್ರಾಸ್‌ಬರ್ಗ್‌ನ ದೊಡ್ಡ ಪೀಠ ಅಲ್-ಖವಾಜಾ ಕೇಸನ್ನು ಮತ್ತೆ ನೋಡುವಾಗ ಆ ವಾದವನ್ನು ಕೇಳಿ ನಿಯಮವನ್ನು ಸಡಿಲ ಮಾಡಿತು. ಆದರೆ ಪೂರ್ತಿ ಬಿಡಲಿಲ್ಲ. ಎದುರಿಗಿದ್ದ ಎರಡು ಕೇಸಿನಲ್ಲಿ ಒಂದರಲ್ಲಿ ಬ್ರಿಟನ್ ಗೆದ್ದಿತು, ಒಂದರಲ್ಲಿ ಸೋತಿತು. ಈಗ ಹೇಳಿ, ಯಾರು ದೊಡ್ಡವರು?

ನಮ್ಮಲ್ಲಿ ಸಾಯುವವನ ಹೇಳಿಕೆ, ಅಂದರೆ ಡೈಯಿಂಗ್ ಡಿಕ್ಲರೇಷನ್, ನಂಬುವಂತಿದ್ದರೆ ಅದೊಂದರ ಮೇಲೆಯೇ ಶಿಕ್ಷೆ ಕೊಡಬಹುದು. ಆದರೆ ಹಾರ್ನ್‌ಕಾಸಲ್ ಕೇಸಿನವನು ಸತ್ತಿದ್ದು ಆ ಹೊಡೆತದಿಂದಲ್ಲ, ಬೇರೆ ಕಾರಣಕ್ಕೆ. ನಮ್ಮ ಕೋರ್ಟು ಅದನ್ನು ಡೈಯಿಂಗ್ ಡಿಕ್ಲರೇಷನ್ ಅಂತ ಒಪ್ಪುತ್ತಲೇ ಇರಲಿಲ್ಲ. ಇದನ್ನು ಅಲ್ಲಿದ್ದವರಿಗೆ ಹೇಳೋಣ ಅಂತಿದ್ದೆ, ಅಷ್ಟರಲ್ಲಿ ಗುಂಪು ಮುಂದೆ ಹೋಗಿತ್ತು.

ಹೋಗುವವರಿಗೆ ನನ್ನ ಸಲಹೆ: ಕೋರ್ಟಿಗೆ ವಾರದ ದಿನ ಹೋಗಿ, ಶನಿವಾರ-ಭಾನುವಾರ ಮುಚ್ಚಿರುತ್ತದೆ. ನಡಿಗೆಯಿಲ್ಲದೆಯೂ ನೋಡಬಹುದು. ಲಂಡನ್ ದೂರ ಅಂದರೆ ವಿಚಾರಣೆ ಆನ್‌ಲೈನ್‌ನಲ್ಲೇ ಬರುತ್ತದೆ, ಸ್ಟ್ರಾಸ್‌ಬರ್ಗ್‌ನದೂ ಸಿಗುತ್ತದೆ. ಮಂಡಿ ನೋವಿದ್ದರೆ ನಡಿಗೆ ಬೇಡವೇ ಬೇಡ, ಎಲ್ಲೂ ಕೂರಿಸುವುದಿಲ್ಲ.

ಎರಡು ಸ್ಟಾರ್ ಪಾರ್ಲಿಮೆಂಟ್ ಸ್ಕ್ವೇರ್‌ನ ಕಥೆಗೆ. ಮೂರನೆಯದು ಯಾಕೆಂದರೆ, ಮುಗಿದ ಮೇಲೆ ಆ ಹುಡುಗ ಓಡಿ ಬಂದು “ಸರ್, ಆ ಕೇಸಿನ ಹೆಸರು ಇನ್ನೊಮ್ಮೆ ಹೇಳ್ತೀರಾ?” ಅಂತ ಕೇಳಿ ಮೊಬೈಲಿನಲ್ಲಿ ಬರೆದುಕೊಂಡ. ಲಕ್ಸೆಂಬರ್ಗ್ ಅಂತಲೂ ಬರೆದುಕೊಳ್ಳಪ್ಪಾ ಅಂದೆ.