ರೀಚಾರ್ಜಿಗೆ ಹೋದಲ್ಲಿ ಓಟಿಪಿ ಹೇಳಬೇಡಿ, ಪೋಸ್ಟ್‌ಪೇಯ್ಡ್ ಮಾಡಿಬಿಡ್ತಾರೆ

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯವರು ದಯವಿಟ್ಟು ಓದಿ. ಅಂಗಡಿಯಲ್ಲಿ ರೀಚಾರ್ಜ್ ಮಾಡಿಸುವಾಗ ಓಟಿಪಿ ಹೇಳಬೇಡಿ. ರೀಚಾರ್ಜಿಗೆ ಓಟಿಪಿ ಬೇಕಾಗುವುದೇ ಇಲ್ಲ! ನಂಬರ್ ಹೇಳಿ ದುಡ್ಡು ಕೊಟ್ಟರೆ ಮುಗಿಯಿತು. ಇದು ಗೊತ್ತಿದ್ದೂ ನಾನೇ ಹೇಳಿಬಿಟ್ಟದ್ದು, ಅದೇ ನಾಚಿಕೆ.

"ಅಣ್ಣ, 28 ದಿನಕ್ಕೊಮ್ಮೆ ಅಂದ್ರೆ ವರ್ಷಕ್ಕೆ 13 ರೀಚಾರ್ಜ್ ಆಗ್ತದೆ. ತಿಂಗಳಿಗೆ 399ರದ್ದು ಒಂದು ಉಂಟು, ಅದು ಹಾಕ್ತೇನೆ" ಎಂದ ಅಂಗಡಿಯವ. 13ರ ಲೆಕ್ಕ ಸರಿಯೇ ಇತ್ತು, ನಂಬಿದ್ದು ಅದಕ್ಕೇ. ಪೋಸ್ಟ್‌ಪೇಯ್ಡ್ ಎಂಬ ಶಬ್ದ ಒಮ್ಮೆಯೂ ಅವನ ಬಾಯಲ್ಲಿ ಬರಲಿಲ್ಲ. "ಮೆಸೇಜ್ ಬಂತಾ? ಅದರಲ್ಲಿರುವ ನಂಬರ್ ಹೇಳಿ." ಹೇಳಿದ್ದಾಯಿತು. ಮನೆಗೆ ಬಂದು ಆ ಮೆಸೇಜ್ ಪೂರ್ತಿ ಓದಿದರೆ, ಪ್ರೀಪೇಯ್ಡಿನಿಂದ ಪೋಸ್ಟ್‌ಪೇಯ್ಡಿಗೆ ಬದಲಾಗಲು ಈ ಓಟಿಪಿ ಅಂತ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿಯೇ ಇತ್ತು. ಮೈಯೆಲ್ಲ ಉರಿದುಹೋಯಿತು. ಹೀಗೆ ಓಟಿಪಿಯಲ್ಲೇ ಬದಲಾಯಿಸಲು 2021ರ ಸೆಪ್ಟೆಂಬರಿನಲ್ಲಿ ದೂರಸಂಪರ್ಕ ಇಲಾಖೆ ಅವಕಾಶ ಕೊಟ್ಟಿದೆ. ಫಾರ್ಮ್ ಬೇಡ, ಸಹಿ ಬೇಡ, ಸಿಮ್ಮೂ ಅದೇ. ಓಟಿಪಿಯೇ ನಿಮ್ಮ ಸಹಿ.

ಬಿಲ್ ಬಂದದ್ದು 399 ಅಲ್ಲ. ಶೇ. 18 ಜಿಎಸ್‌ಟಿ ಸೇರಿ 470 ರೂಪಾಯಿ 82 ಪೈಸೆ. ಪ್ರೀಪೇಯ್ಡ್ ದರದೊಳಗೆ ತೆರಿಗೆ ಸೇರಿಯೇ ಇರುತ್ತದೆ, ಪೋಸ್ಟ್‌ಪೇಯ್ಡಿನಲ್ಲಿ ಮೇಲಿಂದ ಬೀಳುತ್ತದೆ. 12 ಬಿಲ್ಲಿಗೆ 5,649 ರೂಪಾಯಿ 84 ಪೈಸೆ ಆಯಿತು, ಅದನ್ನು 13ರಿಂದ ಭಾಗಿಸಿ: 434 ಚಿಲ್ಲರೆ. ನಿಮ್ಮ 28 ದಿನದ ರೀಚಾರ್ಜ್ ಇದಕ್ಕಿಂತ ಕಡಿಮೆಯದ್ದಾದರೆ 13 ಸಲ ಹಾಕಿಸಿದರೂ ಪ್ರೀಪೇಯ್ಡೇ ಅಗ್ಗ. ಈ ಲೆಕ್ಕ ಅವನಿಗೆ ಗೊತ್ತಿರಲಿಲ್ಲವಾ?

ಹೋಗಿ ಕೇಳಿದರೆ, "ಓಟಿಪಿ ಹೇಳಿದ್ದು ನೀವೇ ಅಲ್ವಾ?" ಅಷ್ಟೇ ಉತ್ತರ. ಎರಡು ಸಲ ಕೇಳಿದರೂ ಅದೇ. ಕಂಪನಿಯ ದೂರಿನ ನಂಬರ್ 198ಕ್ಕೆ ಫೋನ್ ಮಾಡಿದರೆ, "90 ದಿನ ಆಗದೆ ವಾಪಸ್ ಪ್ರೀಪೇಯ್ಡ್ ಆಗುವುದಿಲ್ಲ ಸರ್." ಇದು ಅರ್ಧ ಸತ್ಯ ಮಾರಾಯ್ರೆ! 90 ದಿನದ ತಡೆ ಇದ್ದದ್ದು ಓಟಿಪಿ ಮೂಲಕ ವಾಪಸಾಗುವುದಕ್ಕೆ ಮಾತ್ರ, 2025ರ ಜೂನಿನಿಂದ ಮೊದಲ ಸಲ ವಾಪಸಾಗಲು ಅದೂ 30 ದಿನಕ್ಕೆ ಇಳಿದಿದೆ. ಕಂಪನಿಯ ಅಧಿಕೃತ ಕೇಂದ್ರಕ್ಕೆ ಹೋಗಿ ಹೊಸದಾಗಿ ಕೆವೈಸಿ (ಗುರುತಿನ ಪರಿಶೀಲನೆ) ಮಾಡಿಸಿದರೆ ಅದಕ್ಕೆ ಮೊದಲೇ ಆಗುತ್ತದೆ. ಕೇಳದಿದ್ದರೆ ಯಾರೂ ಹೇಳುವುದಿಲ್ಲ. ಕೇರಳ ಸರ್ಕಲಿನ (ಮೊಬೈಲ್ ಸೇವೆಯ ವಲಯ) ನಂಬರಾದರೆ ಕಾಸರಗೋಡು ಕಡೆಯ ಕೇಂದ್ರಕ್ಕೇ ಹೋಗಿ. ತಲಪಾಡಿ ದಾಟಿದರೆ ಕರ್ನಾಟಕ ಸರ್ಕಲ್, ಮಂಗಳೂರಿಗೆ ಬಸ್ ಹತ್ತಬೇಡಿ.

ಸಿಟ್ಟಿನಲ್ಲಿ ಬಿಲ್ ಕಟ್ಟದೆ ಪೋರ್ಟ್ ಮಾಡಲು, ಅಂದರೆ ಅದೇ ನಂಬರಿನಲ್ಲಿ ಬೇರೆ ಕಂಪನಿಗೆ ಹೋಗಲು, ಹೊರಟರೆ ಸಿಕ್ಕಿಬೀಳುತ್ತೀರಿ. PORT ಅಂತ ಬರೆದು, ಜಾಗ ಬಿಟ್ಟು ನಂಬರ್ ಹಾಕಿ 1900ಕ್ಕೆ ಕಳಿಸಿದರೂ, ಗಡುವು ದಾಟಿದ ಬಾಕಿ ಇದ್ದರೆ ಪೋರ್ಟ್ ಮಾಡಲು ಬೇಕಾದ ಕೋಡ್ ಬರುವುದಿಲ್ಲ. ಮೊದಲು ಕಟ್ಟಿ, ರಸೀದಿ ಇಟ್ಟುಕೊಳ್ಳಿ, ಆಮೇಲೆ ಕಳಿಸಿ. ಕೋಡ್ ಬಂದರೆ 4 ದಿನದೊಳಗೆ ಬಳಸಬೇಕು.

198ರಲ್ಲಿ ದೂರು ಕೊಟ್ಟಾಗ ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಕೇಳಿ ಬರೆದುಕೊಳ್ಳಿ. "ನೋಟ್ ಮಾಡಿದ್ದೇವೆ" ಎಂಬ ಮಾತಿಗೆ ಫೋನ್ ಇಡಬೇಡಿ. ಪರಿಹಾರ ಸಿಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು, ಶುಲ್ಕ ಇಲ್ಲ, 39 ದಿನದೊಳಗೆ ತೀರ್ಮಾನ ಕೊಡಬೇಕು.

ಮೊನ್ನೆಯೂ ಅದೇ ಅಂಗಡಿಯಲ್ಲಿ ಒಬ್ಬರು ಅಜ್ಜಿಯ ಫೋನ್ ಅವನ ಕೈಯಲ್ಲೇ ಇತ್ತು, ಮೆಸೇಜನ್ನು ಅವನೇ ಓದುತ್ತಿದ್ದ. ನಿಮ್ಮ ಮನೆಯ ಹಿರಿಯರ ಫೋನ್ ಇವತ್ತೇ ತೆಗೆದು ನೋಡಿ.