ಮಾಂಸ ಇಲ್ಲ ಅಂದರು, ಸೀಗಡಿ ಇತ್ತು

ನಾವಿರುವುದು ಅಮೆರಿಕದ ಅಲಬಾಮಾದ ಮಾಂಟ್ಗಮೆರಿಯಲ್ಲಿ. 2005ರಿಂದ ಇಲ್ಲಿ ಹ್ಯುಂಡೈ ಕಾರು ತಯಾರಾಗುತ್ತಿದೆ, ಕಾರ್ಖಾನೆ ಬಂದ ಮೇಲೆ ಕೊರಿಯನ್ನರ ಅಂಗಡಿಗಳೂ ಬಂದಿವೆ. ಮೂಲಂಗಿ, ಎಳ್ಳೆಣ್ಣೆ, ತೋಫು ಎಲ್ಲ ನಾವು ತರುವುದು ಅಂಥ ಒಂದು ಪುಟ್ಟ ಅಂಗಡಿಯಿಂದಲೇ.

ಹೋದ ಬೇಸಿಗೆಯಲ್ಲಿ ತುಮಕೂರಿನಿಂದ ಅಮ್ಮ ಬಂದಿದ್ದರು. ಅವರು ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟುವುದಿಲ್ಲ. ಆ ಅಂಗಡಿಯ ಫ್ರಿಜ್‌ನಲ್ಲಿ ಕೆಂಪಗೆ ಹೊಳೆಯುತ್ತಿದ್ದ ಕಿಮ್ಚಿ, ಅಂದರೆ ಕೊರಿಯನ್ನರ ಖಾರದ ಹುಳಿ ಕೋಸು, ನೋಡಿ, "ಕೋಸಿನ ಉಪ್ಪಿನಕಾಯಿ ಅಲ್ವಾ, ತಗೋ" ಎಂದರು. ಅಂಗಡಿಯವರೇ ಮಾಡಿ ತುಂಬಿಟ್ಟ ಡಬ್ಬಿ. ಚೀಟಿಯಲ್ಲಿ ತೂಕ, ಬೆಲೆ ಬಿಟ್ಟರೆ ಏನೂ ಇಲ್ಲ. "ನೋ ಮೀಟ್?" ಎಂದು ಕೇಳಿದೆ. ಕೌಂಟರಿನಾಕೆ ನಗುತ್ತಾ "ನೋ ಮೀಟ್, ನೋ ಮೀಟ್" ಎಂದರು.

ಮೂರು ದಿನ ಮೊಸರನ್ನಕ್ಕೆ ಅದೇ. ನಾಲ್ಕನೇ ದಿನ ಅಮ್ಮ ಚಮಚ ಎತ್ತಿ ಹಿಡಿದು ಕೇಳಿದರು: "ಇದೇನೇ, ಇದಕ್ಕೆ ಕಣ್ಣಿದೆಯಲ್ಲ?"

ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಸೀಗಡಿ. ಎರಡು ಕಪ್ಪು ಚುಕ್ಕೆ ಕಣ್ಣು.

ಆಕೆ ಸುಳ್ಳು ಹೇಳಿರಲಿಲ್ಲ. ಮೀಟ್ ಎಂದರೆ ಅವರ ಲೆಕ್ಕದಲ್ಲಿ ದನ, ಹಂದಿ, ಕೋಳಿ. ಉಪ್ಪಿನಲ್ಲಿ ಹಾಕಿಟ್ಟ ಸೀಗಡಿಗೆ ಸೆಉಜೊತ್, ಮೀನಿನ ರಸಕ್ಕೆ ಎಕ್ಜೊತ್ ಎನ್ನುತ್ತಾರೆ. ಕಿಮ್ಚಿಯಲ್ಲಿ ಇವೆರಡರಲ್ಲಿ ಒಂದಾದರೂ ಇರುವುದೇ ಮಾಮೂಲು. ನಮಗೆ ಸಾರಿಗೆ ಇಂಗು ಇದ್ದ ಹಾಗೆ, ಕೇಳಿದರೆ ನೆನಪಿಗೇ ಬರುವುದಿಲ್ಲ. ಮೂಲಂಗಿ, ಸೌತೆಕಾಯಿ ಕಿಮ್ಚಿಗೂ ಇದೇ ಕತೆ. ಆದರೆ ಡಬ್ಬಿಯ ಮೇಲೆ ಒಂದು ಸಾಲು ಬರೆದು ಅಂಟಿಸಿದ್ದರೆ ಏನು ಹೋಗುತ್ತಿತ್ತು? ಸೀಗಡಿ ಅಲರ್ಜಿ ಇರುವವರು ತಿಂದಿದ್ದರೆ ಆಸ್ಪತ್ರೆಯೇ ಗತಿ. ವಾಪಸ್ ಕೊಡಲು ಹೋದರೆ, ಅರ್ಧ ಖಾಲಿಯಾಗಿದೆ, ಆಗಲ್ಲ ಎಂದರು.

ಅದೇ ದಿನ ತಂದಿದ್ದ ಪೆರಿಲ್ಲಾ ಎಂಬ ಗಿಡದ ಬೀಜದ ಎಣ್ಣೆಯದು ಇನ್ನೊಂದು ಗೋಳು. ಮುಚ್ಚಳ ತೆಗೆದರೆ ಹಳೇ ಬಣ್ಣದ ಡಬ್ಬಿಯ ವಾಸನೆ. ಇಂಗ್ಲಿಷ್ ಸ್ಟಿಕ್ಕರ್ ಕೆರೆದು ನೋಡಿದೆ, ಅಡಿಯಲ್ಲಿದ್ದ ತಾರೀಕು ಮುಗಿದು ಎಂಟು ತಿಂಗಳಾಗಿತ್ತು. ಈ ಎಣ್ಣೆ ಎಳ್ಳೆಣ್ಣೆಗಿಂತ ಬೇಗ ಕೆಡುತ್ತದೆ. ಕೊರಿಯನ್ ಪ್ಯಾಕೆಟ್‌ನಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ ಇರುತ್ತದೆ, ನಮ್ಮ ಹಾಗೆ ಓದಬೇಡಿ.

ಈಗ ನಾನು ಮೀಟ್ ಇದೆಯಾ ಎಂದು ಕೇಳುವುದೇ ಇಲ್ಲ. ಮೀನು, ಸೀಗಡಿ, ಅದರ ರಸ ಎಂದು ಒಂದೊಂದೇ ಹೆಸರು ಹಿಡಿದು ಕೇಳುತ್ತೇನೆ. ಏನೇನು ಹಾಕಿದ್ದಾರೆ ಎಂಬ ಚೀಟಿ ಇಲ್ಲದ ಡಬ್ಬಿ ಮುಟ್ಟುವುದಿಲ್ಲ. ವೀಗನ್ (ಪ್ರಾಣಿಗಳಿಂದ ಬಂದದ್ದು ಏನೂ ಇಲ್ಲ) ಎಂದು ಬರೆದ, ಕಂಪನಿಯಲ್ಲೇ ಸೀಲ್ ಆದ ಕಿಮ್ಚಿ ಸಿಕ್ಕರೆ ಮಾತ್ರ ತರುತ್ತೇನೆ.

ಅಮ್ಮ ಬೈಯಲಿಲ್ಲ. ಡಬ್ಬಿಯ ಜೊತೆ ಆ ಚಮಚವನ್ನೂ ಕಸಕ್ಕೆ ಹಾಕಿ ಸ್ನಾನಕ್ಕೆ ಹೋದರು.